ಫರಸಿಗೆ ಒಂದಿಷ್ಟು ಪಕ್ಕದ ಬೆಳಕು

ಗಾಜಿನ ಫೋಟೋ ತೆಗೆಯೋದು ಎಷ್ಟು ಫಜೀತಿಯ ಕೆಲಸ ಅಂತ ತಿಳಿಯೋಕೆ ದೊಡ್ಡ ಕ್ಯಾಮೆರಾ ಏನೂ ಬೇಕಿಲ್ಲ. ಒಂದು ಗಾಜಿನ ಲೋಟವನ್ನು ಮೇಜಿನ ಮೇಲಿಟ್ಟು, ಮೊಬೈಲಿನ ಫ್ಲ್ಯಾಶ್ ಹಾಕಿ ಕ್ಲಿಕ್ ಮಾಡಿ. ಲೋಟ ಬರೋದಿಲ್ಲ. ಅದರ ಮೈಮೇಲೆ ಒಂದು ಬಿಳಿ ಚುಕ್ಕೆ ಬರುತ್ತದೆ, ಹಿಂದಿನ ಗೋಡೆ ಬರುತ್ತದೆ, ಮೊಬೈಲ್ ಹಿಡಿದ ನಿಮ್ಮದೇ ಬೆರಳು ಸೊಟ್ಟಗೆ ಬರುತ್ತದೆ. ಗಾಜು ಮಾತ್ರ ನಾಪತ್ತೆ.

ಈ ಕೆಲಸ ಬಲ್ಲವರು ಲೋಟಕ್ಕೆ ನೇರವಾಗಿ ಬೆಳಕು ಬಿಡೋದೇ ಇಲ್ಲ. ಲೋಟದ ಹಿಂದೆ ಒಂದು ಬಿಳಿ ಹಾಳೆ ನಿಲ್ಲಿಸಿ, ಆ ಹಾಳೆಗೆ ಬೆಳಕು ಕೊಡುತ್ತಾರೆ. ಲೋಟದ ಎಡಕ್ಕೂ ಬಲಕ್ಕೂ ಒಂದೊಂದು ಕಪ್ಪು ರಟ್ಟು ಇಡುತ್ತಾರೆ. ಆಗ ರಟ್ಟಿನ ಕಪ್ಪು ಲೋಟದ ಅಂಚಿಗೆ ಇಳಿದು, ಪೆನ್ಸಿಲ್ಲಿನಲ್ಲಿ ಬರೆದ ಹಾಗೆ ಗೆರೆ ಮೂಡುತ್ತದೆ. ಇಲ್ಲವೇ ಇದನ್ನೇ ಉಲ್ಟಾ ಮಾಡುತ್ತಾರೆ: ಹಿಂದೆ ಕಪ್ಪು ಬಟ್ಟೆ, ಬೆಳಕು ಎರಡೂ ಪಕ್ಕದಿಂದ. ಕತ್ತಲಲ್ಲಿ ಲೋಟದ ಅಂಚಷ್ಟೇ ಹೊಳೆಯುತ್ತದೆ. ಎರಡರ ಗುಟ್ಟೂ ಒಂದೇ. ಎದುರಿಗೆ ನಿಂತು ಬೆಳಕು ಎರಚಿದರೆ ಗಾಜು ಸಿಗೋದಿಲ್ಲ. ಪಕ್ಕದಿಂದಲೋ ಹಿಂದಿನಿಂದಲೋ ಬಂದರೆ ಸಿಗುತ್ತದೆ.

ಫೋಟೋಗ್ರಫಿ ಹುಟ್ಟಿದ ಹೊಸತರಲ್ಲೇ ಗಾಜಿನ ಈ ಹಟ ಗೊತ್ತಾಗಿತ್ತು. ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ 1844ರಿಂದ 1846ರವರೆಗೆ 'ದಿ ಪೆನ್ಸಿಲ್ ಆಫ್ ನೇಚರ್' ಅನ್ನುವ ಪುಸ್ತಕವನ್ನು ಕಂತುಕಂತಾಗಿ ಹೊರತಂದ. ಒಟ್ಟು 24 ಫೋಟೋ. ಮೂರನೆಯದು ಕಪಾಟಿನಲ್ಲಿ ಜೋಡಿಸಿದ ಪಿಂಗಾಣಿ ಸಾಮಾನು, ನಾಲ್ಕನೆಯದು ಗಾಜಿನ ಸಾಮಾನು, ಆರನೆಯದು ತೆರೆದ ಬಾಗಿಲ ಪಕ್ಕ ಒರಗಿಸಿಟ್ಟ ಒಂದು ಕಸಬರಿಗೆ. ಹೊಸ ಕಲೆಯೊಂದನ್ನು ಲೋಕಕ್ಕೆ ಪರಿಚಯ ಮಾಡಿಕೊಡುವ ಪುಸ್ತಕದಲ್ಲಿ ಕಸಬರಿಗೆ! ದಿನಬಳಕೆಯ ವಸ್ತುವನ್ನು ಚಿತ್ರಕ್ಕೆ ತರೋದರಲ್ಲಿ ತಪ್ಪೇನಿಲ್ಲ, ಡಚ್ ಚಿತ್ರಕಾರರು ಮಾಡಿದ್ದೂ ಅದನ್ನೇ ಅಂತ ಟಾಲ್ಬಟ್ ಸಮರ್ಥನೆ ಕೊಟ್ಟಿದ್ದಾನೆ.

ಗಾಜಿನ ಚಿತ್ರದ ಜೊತೆ ಅವನು ಒಂದು ಸಣ್ಣ ಮಾತು ಬರೆದಿಟ್ಟ. ಬಿಳಿ ಪಿಂಗಾಣಿಯನ್ನೂ ಗಾಜನ್ನೂ ಒಟ್ಟಿಗೆ ಇಟ್ಟು ಫೋಟೋ ತೆಗೆಯಬಾರದು. ಪಿಂಗಾಣಿ ತುಂಬಾ ಹೊಳೆಯುವುದರಿಂದ ಅದರ ಚಿತ್ರ ಪೂರ್ತಿ ಮೂಡಿದಾಗ ಗಾಜಿನದು ಇನ್ನೂ ಶುರುವೇ ಆಗಿರುವುದಿಲ್ಲ, ಅನ್ನೋದು ಆ ಮಾತಿನ ಅರ್ಥ. ಟಾಲ್ಬಟ್ ಹೇಳಿದ್ದು ಕಾಗದಕ್ಕೆ ಬಳಿದ ರಾಸಾಯನಿಕದ ಬಗ್ಗೆ. ಆದರೆ ಚರಿತ್ರೆಯಲ್ಲೂ ಹೀಗೇ ಆಗುತ್ತದೆ, ಅಲ್ವಾ? ಹೊಳೆಯೋದೆಲ್ಲ ಮೊದಲು ಚಿತ್ರಕ್ಕೆ ಬೀಳುತ್ತದೆ. ಮಿಕ್ಕಿದ್ದು ಮೂಡುವಷ್ಟರಲ್ಲಿ ಶಟರ್ ಮುಚ್ಚಿರುತ್ತದೆ.

ನಮ್ಮ ನಾಡಿನ ಮೊದಮೊದಲ ಫೋಟೋಗಳನ್ನೇ ನೋಡಿ. ಅಲೆಕ್ಸಾಂಡರ್ ಗ್ರೀನ್‌ಲಾ ಅನ್ನುವ ಸೇನಾಧಿಕಾರಿ 1856ರ ಸುಮಾರಿಗೆ ಹಂಪಿಯನ್ನು ಚಿತ್ರಿಸಿದ. ಅದೇ ದಶಕದಲ್ಲಿ ಕರ್ನಲ್ ಬಿಗ್ಸ್ ಬಿಜಾಪುರದ ಗುಮ್ಮಟಗಳ ಮುಂದೆ ಕ್ಯಾಮೆರಾ ಹೂಡಿದ. 1866ರಲ್ಲಿ ಲಂಡನ್ನಿನಲ್ಲಿ ಬಿಜಾಪುರದ ವಾಸ್ತುಶಿಲ್ಪದ ಮೇಲೆ ಒಂದು ದೊಡ್ಡ ಫೋಟೋ ಪುಸ್ತಕ ಬಂತು. ಅದರ ಲೇಖಕರಲ್ಲಿ ಒಬ್ಬ ಫಿಲಿಪ್ ಮೆಡೋಸ್ ಟೇಲರ್. 1841ರಿಂದ 1853ರವರೆಗೆ ಭೀಮಾ ನದಿಯ ದಕ್ಷಿಣದ ಸುರಪುರ ಸಂಸ್ಥಾನದಲ್ಲಿ ಆಡಳಿತ ನೋಡಿಕೊಂಡವನು. ಆ ಸೀಮೆಯ ಹೊಲಗಳಲ್ಲಿ ನಿಂತಿದ್ದ ಪ್ರಾಚೀನ ಕಲ್ಲುಗೋರಿಗಳನ್ನು ಅಗೆಸಿ, ಅಳೆದು, ಬರೆದಿಟ್ಟವನೂ ಅವನೇ. ಕಲ್ಲು ನೋಡುವ ಕಣ್ಣಿದ್ದ ಮನುಷ್ಯ. ಆದರೂ ದೊಡ್ಡ ಪುಸ್ತಕ ಆದದ್ದು ಗುಮ್ಮಟಗಳ ಮೇಲೆ.

ಹಂಪಿ, ಬಿಜಾಪುರಗಳು ಪಿಂಗಾಣಿ. ಅವುಗಳ ಪಕ್ಕದಲ್ಲೇ, ಕಲಬುರಗಿ ಜಿಲ್ಲೆಯ ಪೂರ್ವಕ್ಕೆ, ಕಾಗಿಣಾ ಮತ್ತು ಭೀಮೆಯ ಆಸುಪಾಸಿನಲ್ಲಿ ಇರೋ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳು ಗಾಜು. ರೈಲಿನಲ್ಲಿ ಮುಂಬೈಗೋ ಹೈದರಾಬಾದಿಗೋ ಹೋಗುವಾಗ ಕಿಟಕಿಯಾಚೆ ಬಿಸಿಲು, ತೊಗರಿ ಹೊಲ, ಸಿಮೆಂಟ್ ಕಾರ್ಖಾನೆಯ ಚಿಮಣಿ ಕಂಡಿರುತ್ತವೆ. ವಾಡಿ ಜಂಕ್ಷನ್ನಿನಲ್ಲಿ ಚಾ ಕುಡಿದಿರುತ್ತೀರಿ. ಆ ಊರುಗಳನ್ನು ನೋಡಿದೆವು ಅಂತ ಹೇಳೋರು ಕಮ್ಮಿ. ಕಿಟಕಿಯ ಗಾಜಿನ ಹಾಗೆ ಅದು ದಾಟಿ ನೋಡುವ ಸೀಮೆ.

ಆದರೆ ನೀವು ಆ ಸೀಮೆಯ ಮೇಲೆ ಓಡಾಡಿರೋದು ಬಹುತೇಕ ಖಚಿತ. ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದಿನ ಹಳೇ ಮನೆಗಳ ನೆಲ, ಅಡುಗೆಮನೆಯ ಕಟ್ಟೆ, ಶಾಲೆಯ ವರಾಂಡ, ರೈಲ್ವೆ ಪ್ಲಾಟ್‌ಫಾರ್ಮು, ಫುಟ್‌ಪಾತು — ಅಲ್ಲಿ ಹಾಸಿರೋ ಬೂದು ಬಣ್ಣದ ತೆಳು ಚಪ್ಪಡಿಯ ಹೆಸರೇ ಶಹಾಬಾದಿ. ಮರಾಠಿಯಲ್ಲಿ 'ಶಹಾಬಾದಿ ಫರಶಿ' ಅಂದರೆ ನೆಲಕ್ಕೆ ಹಾಸುವ ಕಲ್ಲು. ನಮ್ಮ ಕಡೆ ಬರೀ ಫರಸಿ. 'ಫರಸಿ ಮ್ಯಾಲ ಕೂಡ್ರಿ, ತಣ್ಣಗದ' ಅಂತಾರೆ. ಒಂದು ಊರಿನ ಹೆಸರು ಹೀಗೆ ಅಂಗಡಿಯ ಸರಕಿನ ಹೆಸರಾಗಿಬಿಟ್ಟರೆ ಊರು ಮರೆತುಹೋಗುತ್ತದೆ. ಶಹಾಬಾದಿ ಅಂದರೆ ಕಲ್ಲು ಅಂತ ಲಕ್ಷಾಂತರ ಜನಕ್ಕೆ ಗೊತ್ತು. ಶಹಾಬಾದ ಅಂದರೆ ಎಲ್ಲಿದೆ ಅಂತ ಕೇಳಿ ನೋಡಿ.

ಹಾಗಾಗಿ ಇವತ್ತು ಈ ಫರಸಿಯ ಮೇಲೆ ಒಂದಿಷ್ಟು ಪಕ್ಕದ ಬೆಳಕು ಬಿಡೋಣ.

ಮೊದಲು ಅದರ ವಯಸ್ಸು. ಭೂವಿಜ್ಞಾನಿಗಳು ಈ ಸೀಮೆಯ ಕಲ್ಲುಗಳನ್ನು ಒಟ್ಟಾಗಿ 'ಭೀಮಾ' ಶ್ರೇಣಿ ಅಂತ ಕರೆದರು. ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ಪ್ರಕಟಿಸಿದ ದಕ್ಷಿಣ ಮರಾಠಾ ಸೀಮೆಯ ಭೂವಿವರದಲ್ಲಿ ಇದಕ್ಕೆ ಜಾಗ ಕೊಟ್ಟಿದ್ದಾನೆ. ಆ ಶ್ರೇಣಿಯ ಸುಣ್ಣಕಲ್ಲಿನ ಪದರಕ್ಕೆ ಇವತ್ತಿಗೂ ಶಹಾಬಾದ್ ಅಂತಲೇ ಹೆಸರು. ಹುಟ್ಟಿ 50 ಕೋಟಿ ವರ್ಷಕ್ಕೂ ಮೇಲಾಗಿದೆ. ಆಗ ನೆಲದ ಮೇಲೆ ಮರ ಇಲ್ಲ, ಹುಲ್ಲು ಇಲ್ಲ, ನೀರಿನಲ್ಲಿ ಮೀನೂ ಇಲ್ಲ. ಇಲ್ಲೊಂದು ಆಳವಿಲ್ಲದ ಕಡಲಿತ್ತು. ಅದರ ತಳದಲ್ಲಿ ಸುಣ್ಣದ ಕೆಸರು ತೆಳ್ಳಗೆ, ಪದರಪದರವಾಗಿ, ಗಡಿಬಿಡಿಯಿಲ್ಲದೆ ಕೂತಿತು. ಮುಂದೆ ಅದೇ ಕಲ್ಲಾಯಿತು. ಇಲ್ಲಿನ ಕಲ್ಲು ರೊಟ್ಟಿಯ ಪದರದ ಹಾಗೆ ಬಿಡಿಸಿಕೊಳ್ಳೋದು ಇದಕ್ಕೇ. ಬೇರೆ ಕಡೆ ಬಂಡೆಯನ್ನು ಸೀಳಿ ಹಲಗೆ ಮಾಡಬೇಕು. ಇಲ್ಲಿ ಕಡಲೇ ಹಲಗೆ ಮಾಡಿ ಒಂದರ ಮೇಲೊಂದು ಪೇರಿಸಿಟ್ಟಿದೆ. ಉಳಿ, ಸುತ್ತಿಗೆ, ಹಾರೆ ಹಿಡಿದವರು ಪದರದ ಸಂದು ಹುಡುಕಿ ಎಬ್ಬಿಸಿದರೆ ಚಪ್ಪಡಿ ಎದ್ದು ಬರುತ್ತದೆ. ಈಗ ಗರಗಸದ ಯಂತ್ರ ಬಂದು ಅಂಚು ನೇರ ಮಾಡುತ್ತದೆ. ಆದರೆ ಮೇಲುಮೈ ಮಾತ್ರ ಕಡಲು ಬಿಟ್ಟುಹೋದದ್ದೇ.

ಪಾಲಿಶ್ ಮಾಡದ ಹಳೇ ಫರಸಿಯನ್ನು ಮಧ್ಯಾಹ್ನ ಎದುರಿನ ಬೆಳಕಿನಲ್ಲಿ ನೋಡಿದರೆ ಬರೀ ಬೂದು. ಸಂಜೆ ಬಾಗಿಲು ತೆರೆದಿಟ್ಟು, ನೆಲಕ್ಕೆ ಸಮಾನಾಂತರವಾಗಿ ಬರೋ ಬಿಸಿಲಿನಲ್ಲಿ ನೋಡಿ. ಏರಿಳಿತಗಳು ಎದ್ದು ನಿಲ್ಲುತ್ತವೆ. ಬೂದಿನೊಳಗೆ ನೀಲಿ ಇರುತ್ತದೆ, ಕೆನೆಬಣ್ಣ ಇರುತ್ತದೆ, ಕೆಲವು ಕಲ್ಲಿನಲ್ಲಿ ನಸುಗೆಂಪು, ನೇರಳೆ ಛಾಯೆ. ಗರಗಸದ ಹಲ್ಲಿನಂಥ ಒಂದು ಸಣ್ಣ ಗೆರೆ ಹಲಗೆಯ ಉದ್ದಕ್ಕೂ ಹೋಗಿದ್ದರೆ ಅದನ್ನು ಬಿರುಕು ಅಂದುಕೊಳ್ಳಬೇಡಿ. ಮೇಲಿನ ಪದರಗಳ ಭಾರಕ್ಕೆ ಕಲ್ಲು ಒಳಗೊಳಗೇ ಕರಗಿ, ಮತ್ತೆ ಬೆಸೆದುಕೊಂಡ ಗುರುತು ಅದು. ಗಾಜಿನ ಫೋಟೋಗೆ ಹೇಳಿದ ಸೂತ್ರವೇ ಇಲ್ಲಿಗೂ ಸಾಕು: ಎದುರಿನಿಂದ ಬೇಡ, ಪಕ್ಕದಿಂದ.

ಅಂದಹಾಗೆ ಗಾಜು ಮತ್ತು ಫರಸಿ ದೂರದ ನೆಂಟರೂ ಹೌದು. ಮರಳು ಮತ್ತು ಸೋಡಾ ಎರಡನ್ನೇ ಕರಗಿಸಿದರೂ ಗಾಜಿನಂಥದ್ದು ಆಗುತ್ತದೆ. ಆದರೆ ಅದು ನೀರಿಗೆ ಕರಗಿಬಿಡುತ್ತದೆ. ಅದಕ್ಕೊಂದಿಷ್ಟು ಸುಣ್ಣಕಲ್ಲು ಸೇರಿದಾಗಲೇ ನೀರು ಕುಡಿಯುವ ಲೋಟ, ಕಿಟಕಿ, ಬಾಟಲಿ ಆಗೋದು. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಕಾಗದದ ಬದಲು ಗಾಜಿನ ಫಲಕದ ಮೇಲೆ ನೆಗೆಟಿವ್ ತೆಗೆಯುವ ವಿಧಾನ ಪ್ರಕಟಿಸಿದ. ಅಲ್ಲಿಂದ ಮುಂದೆ ಹಲವು ದಶಕ ಫೋಟೋ ಅಂದರೆ ಗಾಜು. ಈ ಐದೂ ಊರುಗಳು ಆಗ ಇದ್ದದ್ದು ಹೈದರಾಬಾದ್ ನಿಜಾಮರ ರಾಜ್ಯದಲ್ಲಿ. ನಿಜಾಮರ ಆಸ್ಥಾನದ ಫೋಟೋಗ್ರಾಫರ್ ರಾಜಾ ದೀನ್ ದಯಾಳ್ ಬಿಟ್ಟುಹೋದ ಗಾಜಿನ ನೆಗೆಟಿವ್‌ಗಳಲ್ಲಿ 2,800ಕ್ಕೂ ಹೆಚ್ಚು ಇವತ್ತು ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದಲ್ಲಿವೆ. ಅರಮನೆಗಳು, ಶಿಕಾರಿ, ದರ್ಬಾರು, ಗಣ್ಯರು. ಎಲ್ಲ ಪಿಂಗಾಣಿಯೇ. ಆ ಚಿತ್ರಗಳನ್ನು ಹಿಡಿದಿಟ್ಟ ಗಾಜನ್ನು ಗಟ್ಟಿ ಮಾಡಿದ್ದು ಮಾತ್ರ ಸುಣ್ಣಕಲ್ಲು.

ಫರಸಿ ತನ್ನ ಊರು ಬಿಟ್ಟು ಹೊರಟದ್ದು ರೈಲಿನಿಂದ. ಮುಂಬೈ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಶಹಾಬಾದ, ವಾಡಿಗಳ ಮೇಲೆ ಹಾದು 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಗೆ ಕೂಡಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾಯಿತು. ಚಿತ್ತಾಪುರ, ಸೇಡಂಗಳು ಆ ಹಳಿಯ ಮೇಲೆ ಬಂದವು. ಕಲ್ಲಿನಂಥ ಭಾರದ ಸರಕು ಎತ್ತಿನ ಬಂಡಿಯಲ್ಲಿ ಎಷ್ಟು ದೂರ ಹೋದೀತು? ಹಳಿ ಬಿದ್ದ ಮೇಲೆ ಮುಂಬೈ, ಪುಣೆ, ಹೈದರಾಬಾದು ಎಲ್ಲ ಹತ್ತಿರವಾದವು. ಆಯಾ ಊರಲ್ಲಿ ಇಳಿದ ಕಲ್ಲಿಗೆ ಹತ್ತಿಸಿದ ಸ್ಟೇಷನ್ನಿನ ಹೆಸರೇ ಉಳಿದುಕೊಂಡಿತು. ಸೇಡಂ, ಚಿಂಚೋಳಿಗಳ ಪಕ್ಕದಲ್ಲೇ, ಈಗಿನ ತೆಲಂಗಾಣದಲ್ಲಿರೋ ತಾಂಡೂರಿನ ಕಥೆಯೂ ಇದೇ. ಕಲ್ಲಿನ ಪದರಕ್ಕೆ ರಾಜ್ಯದ ಗಡಿ ಗೊತ್ತಿಲ್ಲ. ಆ ಕಡೆ ಎದ್ದರೆ ತಾಂಡೂರು ಕಲ್ಲು, ಈ ಕಡೆ ಎದ್ದರೆ ಶಹಾಬಾದಿ.

ಹೊರಗಿನವರಿಗೆ ಅದು ನೆಲ. ಊರಿನವರಿಗೆ ಪೂರ್ತಿ ಮನೆಯೇ ಅದು. ತೆಳು ಚಪ್ಪಡಿಗಳನ್ನು ಪೇರಿಸಿ ಗೋಡೆ, ಮರದ ತೊಲೆಗಳ ಮೇಲೆ ಅಡ್ಡಡ್ಡ ಹಾಸಿ ಮಾಳಿಗೆ, ಉದ್ದುದ್ದ ನಿಲ್ಲಿಸಿ ಹೊಲಕ್ಕೆ ಬೇಲಿ, ದನದ ಗೋದಲಿ, ಬಟ್ಟೆ ಒಗೆಯೋ ಕಲ್ಲು, ಅಂಗಡಿ ಮುಂದಿನ ಕಟ್ಟೆ. ಚಿಂಚೋಳಿಯ ಕಾಡಿನ ಕಡೆ ಕೆಂಪು ಜಂಬಿಟ್ಟಿಗೆ ಕಲ್ಲಿನ ಗುಡ್ಡ ಶುರುವಾಗುವವರೆಗೂ ಈ ಬೂದು ಬಣ್ಣ ನಿಮ್ಮ ಜೊತೆ ಬರುತ್ತದೆ.

ಈ ನೆಲ ಒಂದು ಕಾಲಕ್ಕೆ ರಾಜಧಾನಿಯನ್ನೂ ಹೊತ್ತಿತ್ತು. ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಕನ್ನಡದಲ್ಲಿ ಇವತ್ತು ನಮಗೆ ಸಿಕ್ಕಿರುವ ಅತ್ಯಂತ ಹಳೇ ಗ್ರಂಥ 'ಕವಿರಾಜಮಾರ್ಗ' 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿತು. ಕನ್ನಡ ನಾಡು ಎಲ್ಲಿಂದ ಎಲ್ಲಿಯವರೆಗೆ ಅಂತ ಗಡಿ ಗುರುತಿಸಿದ ಪುಸ್ತಕ ಅದು. ನವೆಂಬರ್ ಬಂದರೆ ನಾವೆಲ್ಲ ಅದನ್ನು ನೆನೆಯುತ್ತೇವೆ. ಆದರೆ ಕಾಗಿಣಾ ದಂಡೆಯ ಮಳಖೇಡದ ಕೋಟೆಗೆ ಹೋದರೆ ಕೆತ್ತನೆಯ ವೈಭವ ಹುಡುಕಿ ಬೇಸರಪಟ್ಟು ವಾಪಸಾಗುವವರೇ ಜಾಸ್ತಿ. ಅಲ್ಲಿರೋದು ಅದೇ ಸುಣ್ಣಕಲ್ಲಿನ ಗೋಡೆ. ಪಕ್ಕದ ಹಳ್ಳಿಯ ಮನೆಗೆ ಯಾವ ಕಲ್ಲೋ, ಕೋಟೆಗೂ ಅದೇ. ಹಂಪಿಯ ಹಾಗೆ ಸೆಲ್ಫಿಗೆ ಒದಗುವ ಜಾಗ ಅಲ್ಲ ಅದು.

ಇನ್ನು ಸನ್ನತಿ. ಚಿತ್ತಾಪುರ ತಾಲ್ಲೂಕು, ಭೀಮಾ ನದಿಯ ದಂಡೆ, ಚಂದ್ರಲಾಂಬೆಯ ಗುಡಿ. ಸುತ್ತಲ ಊರಿನವರಷ್ಟೇ ಅಲ್ಲ, ದೂರದಿಂದಲೂ ಭಕ್ತರು ಬರುವ ಕ್ಷೇತ್ರ. 1950ರ ದಶಕದಲ್ಲಿ ಕಪಟರಾಳ ಕೃಷ್ಣರಾಯರು ಇಲ್ಲಿನ ಬೌದ್ಧ ಅವಶೇಷಗಳ ಕಡೆ ವಿದ್ವಾಂಸರ ಗಮನ ಸೆಳೆದರು. ಆಮೇಲೆ ಮೂರು ದಶಕ ಕಳೆದ ಮೇಲೆ, 1986ರಲ್ಲಿ, ಗುಡಿಯ ಆವರಣದ ಕಾಳಿ ಗುಡಿಯ ಚಾವಣಿ ಕುಸಿಯಿತು. ಮೂರ್ತಿ ಒಡೆಯಿತು. ಅದರ ಕೆಳಗಿದ್ದ ಪೀಠದ ಚಪ್ಪಡಿ ಹೊರಗೆ ಬಂತು. ಅದರ ಎರಡೂ ಮುಖದಲ್ಲಿ ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಸಾಮ್ರಾಟ ಅಶೋಕನ ಶಾಸನ!

ಕ್ರಿಸ್ತಪೂರ್ವ 3ನೇ ಶತಮಾನದ ಮಾತು ಅದು. ಯಾವುದೋ ಕಾಲದಲ್ಲಿ ಯಾರಿಗೋ ಮೂರ್ತಿ ನಿಲ್ಲಿಸೋಕೆ ಗಟ್ಟಿಯಾದ, ಸಪಾಟಾದ ಒಂದು ಕಲ್ಲು ಬೇಕಿತ್ತು. ಇದು ಸಿಕ್ಕಿತು. ಮೂರ್ತಿಯ ಬುಡ ಕೂರಲಿ ಅಂತ ನಡುವೆ ಚೌಕಾಕಾರದ ತೂತು ಕೊರೆದರು. ಆ ತೂತಿನ ಜೊತೆ ಒಂದಿಷ್ಟು ಅಕ್ಷರಗಳೂ ಹೋದವು. ಅವರನ್ನು ಬೈಯೋಕೆ ಆಗೋದಿಲ್ಲ. ಲಿಪಿ ಮರೆತು ಶತಮಾನಗಳು ಕಳೆದಿದ್ದವು. ಅವರ ಕಣ್ಣಿಗೆ ಅದು ಉಪಯೋಗಕ್ಕೆ ಬರೋ ಒಳ್ಳೇ ಚಪ್ಪಡಿ. ಆ ಚಪ್ಪಡಿಯಲ್ಲಿ ಉಳಿದಿರುವ ಶಾಸನಗಳಲ್ಲಿ ಒಂದು, ಅಶೋಕನ 12ನೇ ಶಿಲಾಶಾಸನ. ನಿಮ್ಮ ಪಂಥವನ್ನು ಹೊಗಳಿಕೊಳ್ಳಲು ಬೇರೆಯವರದನ್ನು ಹೀಗಳೆಯಬೇಡಿ, ಮಾತಿನಲ್ಲಿ ಹಿಡಿತವಿರಲಿ, ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಿಸಿಕೊಳ್ಳಿ ಅನ್ನೋದು ಅದರ ತಿರುಳು. ಬೌದ್ಧ ದೊರೆಯೊಬ್ಬನ ಈ ಮಾತು ದೇವಿಯ ಮೂರ್ತಿಯನ್ನು ಹೊತ್ತುಕೊಂಡು, ಪೂಜೆಯ ನೀರಿನಲ್ಲಿ ತೋಯುತ್ತಾ ಶತಮಾನಗಟ್ಟಲೆ ಸುಮ್ಮನೆ ಕೂತಿತ್ತು.

ಸನ್ನತಿಗೆ ಹತ್ತಿರದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಉತ್ಖನನ ಶುರುಮಾಡಿದಾಗ ಸಾತವಾಹನರ ಕಾಲದ ಒಂದು ಮಹಾಸ್ತೂಪ ಬಿದ್ದ ಸ್ಥಿತಿಯಲ್ಲೇ ಸಿಕ್ಕಿತು. ಅದಕ್ಕೆ ಹೊದಿಸಿದ್ದ ಕೆತ್ತನೆಯ ಚಪ್ಪಡಿಗಳೆಲ್ಲ ಸುಣ್ಣಕಲ್ಲು. ಒಂದರಲ್ಲಿ ರಾಜ, ರಾಣಿ, ಪರಿವಾರ. ಪಕ್ಕದಲ್ಲಿ 'ರಾಯೋ ಅಸೋಕೋ' ಅಂತ ಬ್ರಾಹ್ಮಿಯಲ್ಲಿ ಹೆಸರು. ಶಾಲೆಯ ಪುಸ್ತಕದಲ್ಲಿ ನಾವು ಓದಿದ ಅಶೋಕನನ್ನು ಹೆಸರು ಸಮೇತ ಕೆತ್ತಿದ ಇಂಥ ಶಿಲ್ಪ ಸಿಕ್ಕಿದ್ದು ಪಾಟ್ನಾದಲ್ಲಲ್ಲ, ಚಿತ್ತಾಪುರ ತಾಲ್ಲೂಕಿನಲ್ಲಿ. ಆ ಸುದ್ದಿ ಎಷ್ಟು ಜನಕ್ಕೆ ತಲುಪಿದೆ ಅಂತ ನಿಮ್ಮ ಆಫೀಸಿನಲ್ಲೇ ಕೇಳಿ ನೋಡಿ.

ನನಗೆ ಕನಗನಹಳ್ಳಿಯಲ್ಲಿ ದೊಡ್ಡದು ಅನಿಸೋದು ಇನ್ನೊಂದು ಸಂಗತಿ. ಅಲ್ಲಿನ ಕಲ್ಲುಗಳ ಮೇಲೆ ರಾಜರ ಹೆಸರಷ್ಟೇ ಇಲ್ಲ. ಆ ಕಲ್ಲು ಕೊಡಿಸಿದವರ ಹೆಸರೂ ಇದೆ: ಭಿಕ್ಷುಗಳು, ಭಿಕ್ಷುಣಿಯರು, ಗೃಹಸ್ಥರು, ಅವರ ಮನೆಯ ಹೆಂಗಸರು. ಎರಡು ಸಾವಿರ ವರ್ಷದ ಹಿಂದೆ ಈ ಊರಿನ ಫರಸಿಯ ಮೇಲೆ ಸಾಮಾನ್ಯ ಹೆಂಗಸೊಬ್ಬಳ ಹೆಸರು ಬೀಳುತ್ತಿತ್ತು. ಇವತ್ತು ದೇಶದ ತುಂಬಾ ಹಾಸಿರೋ ಅದೇ ಕಲ್ಲನ್ನು ಖಣಿಯಿಂದ ಎತ್ತಿದವರ ಹೆಸರು ಯಾವ ಬಿಲ್ಲಿನಲ್ಲೂ ಇರೋದಿಲ್ಲ. ಮೇ ತಿಂಗಳಲ್ಲಿ ಈ ಕಡೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಖಣಿಯ ತಿಳಿಬಣ್ಣದ ತಳ ಆ ಬಿಸಿಲನ್ನು ಕೆಳಗಿನಿಂದಲೂ ಎಸೆಯುತ್ತದೆ. ಅಲ್ಲಿ ತಲೆಗೆ ಟವಲ್ ಸುತ್ತಿಕೊಂಡು ಹಾರೆ ಹಾಕುವವರು, ಒಡೆದ ಚೂರು ಹೊರುವವರು ಇದ್ದಾರೆ. ಖಾಲಿಯಾದ ಖಣಿಗಳಲ್ಲಿ ಮಳೆನೀರು ನಿಂತು ಹಸಿರು ಹೊಂಡಗಳಾಗಿವೆ. ಪಕ್ಕದಲ್ಲಿ ಒಡೆದ ಚೂರಿನ ಗುಡ್ಡಗಳು. ಹೊಂಡದ ಬಣ್ಣ ಫೋಟೋಗೆ ತುಂಬಾ ಚೆನ್ನಾಗಿ ಬರುತ್ತದೆ. ಅಂಚಿಗೆ ಬೇಲಿ ಇಲ್ಲದಿರೋದು ಫೋಟೋದಲ್ಲಿ ಗೊತ್ತಾಗೋದಿಲ್ಲ.

ಇಲ್ಲೇ ನಮ್ಮಂಥ ಮೊಬೈಲ್ ಫೋಟೋಗ್ರಾಫರುಗಳು ಕೊಂಚ ನಿಲ್ಲಬೇಕು. ಕಡೆಗಣಿಸಿದ ವಸ್ತುವಿನಲ್ಲಿ ಸೌಂದರ್ಯ ಹುಡುಕೋದು ಈಗ ಫ್ಯಾಶನ್ನು. ಸವೆದ ಬಾಗಿಲು, ತುಕ್ಕು ಹಿಡಿದ ಬೀಗ, ಚಾದಂಗಡಿಯ ಗಲಾಸು, ಎಲ್ಲಕ್ಕೂ ಲೈಕ್ ಸಿಗುತ್ತದೆ. ತಪ್ಪೇನಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ನಾತ್ಸಿಗಳ ಹಿಡಿತದಲ್ಲಿದ್ದ ಪ್ರಾಗ್ ನಗರದಲ್ಲಿ, ಒಂದೇ ಕೈಯಿದ್ದ ಯೋಸೆಫ್ ಸುಡೆಕ್ ತನ್ನ ಸ್ಟುಡಿಯೋದ ಮಂಜು ಹಿಡಿದ ಕಿಟಕಿಯನ್ನು ಚಿತ್ರಿಸೋಕೆ ಶುರುಮಾಡಿದ. ಮೊದಲನೇ ಮಹಾಯುದ್ಧ ಅವನ ಬಲಗೈ ತೆಗೆದುಕೊಂಡಿತ್ತು. ಕಿಟಕಿಯ ಕಟ್ಟೆಯ ಮೇಲಿಟ್ಟ ಒಂದು ಗ್ಲಾಸು ನೀರು, ಒಂದು ಮೊಟ್ಟೆಯಂಥ ವಸ್ತುಗಳನ್ನು ವರ್ಷಗಟ್ಟಲೆ ಚಿತ್ರಿಸಿದ. ಹೊರಗೆ ಓಡಾಡೋದೇ ಕಷ್ಟವಾದ ಕಾಲದಲ್ಲಿ ಕೈಗೆಟುಕುವ ಗಾಜಿನ ಮೇಲೆ ಅಷ್ಟು ಗಮನ ಕೊಟ್ಟ. ಆ ಗಾಜಿನಲ್ಲಿ ಆ ಕಾಲವೂ ಇದೆ.

ನಮ್ಮಲ್ಲೂ ಟಿ.ಎಸ್. ಸತ್ಯನ್ ಇದ್ದರು. ಮೈಸೂರಿನವರು, 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡರು. ದೇಶವಿದೇಶದ ಪತ್ರಿಕೆಗಳಿಗೆ ದೊಡ್ಡ ದೊಡ್ಡ ಸಂಗತಿಗಳನ್ನು ಚಿತ್ರಿಸಿದರೂ ಅವರ ಹೆಸರು ನಿಂತಿದ್ದು ಸಾಮಾನ್ಯ ಜನರ ಸಾಮಾನ್ಯ ದಿನಗಳ ಚಿತ್ರಗಳ ಮೇಲೆ. ತಮ್ಮ ಕನ್ನಡ ಪುಸ್ತಕಕ್ಕೆ ಅವರು ಇಟ್ಟ ಹೆಸರು 'ಕಾಲಕ್ಕೆ ಕನ್ನಡಿ'. ಅವರ ಚಿತ್ರದಲ್ಲಿ ವಸ್ತು ಬಂದರೆ ಅದನ್ನು ಹಿಡಿದ ಕೈಯೂ ಬರುತ್ತಿತ್ತು. ಫರಸಿಯ ಫೋಟೋ ತೆಗೆಯುವವರಿಗೆ ಇದೊಂದು ಪಾಠ. ಕಲ್ಲಿನ ಟೆಕ್ಸ್ಚರ್ ಚೆನ್ನಾಗಿದೆ ಅಂತ ಹಲಗೆಯನ್ನಷ್ಟೇ ಕ್ರಾಪ್ ಮಾಡಿದರೆ ನಾವು ಮಾಡೋದೂ ಒಂಥರಾ ತೂತು ಕೊರೆಯುವ ಕೆಲಸವೇ. ನಮಗೆ ಬೇಕಾದಷ್ಟು ಜಾಗ ಸಿಗುತ್ತದೆ, ಅಕ್ಷರ ಹೋಗುತ್ತದೆ.

ಈ ಗಮನಕ್ಕೆ ಈಗ ತುರ್ತು ಯಾಕೆ ಅಂದರೆ, ಫರಸಿಯ ದಾರಿ ಎರಡೂ ಕಡೆಯಿಂದ ಕಿರಿದಾಗುತ್ತಿದೆ. ಒಂದು, ನಮ್ಮ ಮನೆಗಳು. ಅಪಾರ್ಟ್‌ಮೆಂಟಿನಲ್ಲಿ ಈಗ ವಿಟ್ರಿಫೈಡ್ ಟೈಲ್ಸು. ವಿಟ್ರಿಫೈಡ್ ಅಂದರೇನೇ ಗಾಜಿನಂತಾಗಿಸಿದ್ದು. ಒಂದರ ಹಾಗೆ ಇನ್ನೊಂದು, ಕನ್ನಡಿಯ ಹಾಗೆ ಫಳಫಳ. ಹಳೇ ಮನೆ ರಿನೋವೇಶನ್ ಅಂದಕೂಡಲೇ ಮೊದಲು ಕಿತ್ತುಹಾಕೋದು ಶಹಾಬಾದಿ ನೆಲವನ್ನು. ಇನ್ನೊಂದು, ಸಿಮೆಂಟು. ನಿಜಾಮರ ಕಾಲದಲ್ಲೇ ಶಹಾಬಾದಿನಲ್ಲಿ ಸಿಮೆಂಟ್ ಕಾರ್ಖಾನೆ ಎದ್ದಿತ್ತು. ಆಮೇಲೆ ವಾಡಿ, ಮಳಖೇಡ, ಸೇಡಂ, ಚಿಂಚೋಳಿ ಕಡೆಗಳಲ್ಲೂ ಬಂದವು. ಸಾವಿರಾರು ಮನೆಗಳ ಒಲೆ ಅದರಿಂದ ಉರಿಯುತ್ತಿದೆ, ಅದನ್ನು ಹಗುರಾಗಿ ಮಾತಾಡುವಂತಿಲ್ಲ. ಆದರೆ ಲೆಕ್ಕ ಗೊತ್ತಿರಲಿ. ಸಿಮೆಂಟ್ ಮಾಡೋಕೆ ಸುಣ್ಣಕಲ್ಲನ್ನು ಪುಡಿಮಾಡಿ, ಜೇಡಿಯಂಥ ಮಣ್ಣು ಬೆರೆಸಿ ಸುಮಾರು 1,450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡಬೇಕು. ಶುದ್ಧ ಸುಣ್ಣಕಲ್ಲು 100 ಕೆಜಿ ಸುಟ್ಟರೆ 56 ಕೆಜಿ ಸುಣ್ಣ ಉಳಿಯುತ್ತದೆ, 44 ಕೆಜಿ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಒಲೆಗೆ ಹಾಕಿದ ಕಲ್ಲಿದ್ದಲಿನ ಹೊಗೆ ಬೇರೆ.

ಚಪ್ಪಡಿಯ ಕಥೆ ಹಾಗಲ್ಲ. ಅದನ್ನು ಎಬ್ಬಿಸಿ ಇನ್ನೊಂದು ಕಡೆ ಹಾಸಬಹುದು. ನೆಲವಾಗಿದ್ದದ್ದು ಮಾಳಿಗೆಯಾಗುತ್ತದೆ, ಮಾಳಿಗೆಯದ್ದು ಕಟ್ಟೆಯಾಗುತ್ತದೆ. ಮೇಲೆ ಅಕ್ಷರ ಇದ್ದರೆ ಎರಡು ಸಾವಿರ ವರ್ಷದ ಮೇಲೂ ಓದಬಹುದು, ಸನ್ನತಿಯೇ ಸಾಕ್ಷಿ. ಶಾಸನ ಓದುವವರೂ ಗಾಜಿನ ಫೋಟೋದವರ ಹಾಗೇ ಕೆಲಸ ಮಾಡುತ್ತಾರೆ. ಸವೆದ ಅಕ್ಷರವನ್ನು ನಡುಮಧ್ಯಾಹ್ನ ನೋಡೋದಿಲ್ಲ; ಬೆಳಿಗ್ಗೆಯೋ ಸಂಜೆಯೋ ಓರೆಬಿಸಿಲಿಗೆ ಕಾಯುತ್ತಾರೆ, ಇಲ್ಲವೇ ಪಕ್ಕದಿಂದ ಟಾರ್ಚ್ ಹಿಡಿಯುತ್ತಾರೆ. ಒದ್ದೆ ಕಾಗದ ಹೊದಿಸಿ, ಬ್ರಶ್ಶಿನಿಂದ ತಟ್ಟಿ, ಮಸಿ ಒತ್ತಿ ಅಚ್ಚು ತೆಗೆಯುತ್ತಾರೆ. ಪುಡಿಯಾದದ್ದರ ಅಚ್ಚು ತೆಗೆಯೋಕೆ ಯಾರಿಗೂ ಆಗೋದಿಲ್ಲ.

ಇದನ್ನೆಲ್ಲ ಓದಿ ಮುಂದಿನ ವೀಕೆಂಡಿಗೆ ಎಲ್ಲರೂ ಸನ್ನತಿಗೆ ಹೊರಡಬೇಕು ಅಂತೇನಿಲ್ಲ. ಹೊರಟರೆ ಬಹಳ ಸಂತೋಷ. ಬೇಸಿಗೆಯಲ್ಲಿ ಬೇಡ, ಚಳಿಗಾಲದಲ್ಲಿ ಹೋಗಿ, ತೊಗರಿ ಹೂವಿನ ಕಾಲ. ಅದಕ್ಕಿಂತ ಮೊದಲು ಹತ್ತಿರದಲ್ಲೇ ಮಾಡಬಹುದಾದ ಕೆಲಸ ಒಂದಿದೆ. ನಿಮ್ಮ ಅಜ್ಜಿಯ ಮನೆಯೋ, ನೀವು ಬಾಡಿಗೆಗಿರೋ ಹಳೇ ಮನೆಯೋ ನೆಲ ಬದಲಿಸೋ ಹೊತ್ತು ಬಂದಿದ್ದರೆ, ಗೌಂಡಿಗೆ ಸುತ್ತಿಗೆ ಕೆಳಗಿಟ್ಟು ಹಾರೆ ಹಾಕಿ ಎಬ್ಬಿಸೋಕೆ ಹೇಳಿ. ಒಡೆಯದೆ ಎದ್ದರೆ ಅಂಗಳಕ್ಕೋ, ಬಾಲ್ಕನಿಯ ಬೆಂಚಿಗೋ, ಬೇಕಾದ ಇನ್ಯಾರಿಗೋ ಆಗುತ್ತದೆ. ಎಬ್ಬಿಸಿದ ಮೇಲೆ ಒಂದನ್ನಾದರೂ ಮಗುಚಿ ಹಾಕಿ, ಅಂಟಿದ ಗಾರೆ ಕೆರೆದು ನೋಡಿ. ಈ ಮಗ್ಗುಲನ್ನು ಯಾರೂ ತುಳಿದಿಲ್ಲ, ಯಾರೂ ಒರೆಸಿಲ್ಲ. ಖಣಿಯಲ್ಲಿ ಯಾರೋ ಒಬ್ಬರು ಹಾರೆ ಹಾಕಿ ಎತ್ತಿದ ದಿನ ಹೇಗಿತ್ತೋ ಹಾಗೇ ಇದೆ. ಅಂಚಿನಲ್ಲಿ ಎರಡು ಮೂರು ಕಚ್ಚು ಕಾಣಿಸಬಹುದು. ಅದು ಅವರ ಉಳಿಯ ಗುರುತು. ಫೋಟೋ ತೆಗೆಯುವುದಾದರೆ ಅದನ್ನು ಕ್ರಾಪ್ ಮಾಡಬೇಡಿ.